‘ನಮ್ಮಲ್ಲಿ ಯಾರಿಗೂ ಇಲ್ಲ’: ಖಿನ್ನತೆ, ಕುಡಿತ ಮತ್ತು ಮನೆತನದ ಪ್ರಶ್ನೆ

ಶಿವಮೊಗ್ಗದಲ್ಲಿ ಒಬ್ಬ ಮನೋವೈದ್ಯರ ಮುಂದೆ ಕೂತಿದ್ದೆವು. ನಾನು, ದೊಡ್ಡಮ್ಮ, ದೊಡ್ಡಮ್ಮನ ಮಗ. ಅಣ್ಣನಿಗೆ ಆಗ ನಲವತ್ತೆರಡು. ಮೂರು ತಿಂಗಳಿಂದ ತೋಟದ ಕಡೆ ಹೋಗಿರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ. ಊಟ ಸೇರುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಡಾಕ್ಟರು ಎಲ್ಲ ಕೇಳಿಕೊಂಡು ಕೊನೆಗೆ ದೊಡ್ಡಮ್ಮನ ಕಡೆ ತಿರುಗಿದರು. “ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತಾ ಅಮ್ಮಾ? ಮಂಕಾಗಿ ಕೂರೋದು, ಕುಡಿತ, ಏನಾದರೂ?”

“ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಯಾರಿಗೂ ಇಲ್ಲ” ಎಂದರು ದೊಡ್ಡಮ್ಮ.

ದೊಡ್ಡಪ್ಪ ಕುಡಿದೂ ಕುಡಿದೂ ಹೋದವರು. ಅವರ ತಂಗಿ, ಅಂದರೆ ನನ್ನ ಅತ್ತೆ, ಬಾಣಂತನದ ನಂತರ ಹೆಚ್ಚುಕಡಿಮೆ ಎರಡು ವರ್ಷ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅಜ್ಜನ ಕುಡಿತದ ಕಥೆ ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಇದೆಲ್ಲ ದೊಡ್ಡಮ್ಮನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ಅಣ್ಣನಿಗೆ ಬೆಳೆದ ಮಗಳಿದ್ದಾಳೆ. ಸಂಬಂಧ ಕೇಳಿಕೊಂಡು ಬರುವವರು ಮೊದಲು ಊರಲ್ಲಿ ವಿಚಾರಿಸುವುದು ಏನನ್ನು? ಮನೆತನವನ್ನು ಅಲ್ವಾ? ಆ ಹೆದರಿಕೆಯಲ್ಲಿ ಅವರು ಡಾಕ್ಟರಿಗೂ ಬಾಯಿ ಬಿಡಲಿಲ್ಲ.

ಮಲೆನಾಡಿನಲ್ಲಿ ಮನೆತನದ ಮಾತು ಎರಡು ರೀತಿಯಲ್ಲಿ ಬರುತ್ತದೆ. ನಮ್ಮ ಮನೆಯದಾದರೆ ಮುಚ್ಚಿಡುತ್ತೇವೆ. ಪಕ್ಕದ ಮನೆಯದಾದರೆ “ಅವರ ವಂಶದಲ್ಲೇ ಇದೆ, ಏನು ಮಾಡಕ್ಕಾಗುತ್ತೆ” ಎಂದು ಕೈ ತೊಳೆದುಕೊಳ್ಳುತ್ತೇವೆ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ. ರಕ್ತದಲ್ಲಿ ಬಂದದ್ದು ಬಂದೇ ಬರುತ್ತದೆ ಅನ್ನುವುದು. ಹಿರಿಯರಿಂದ ನಮಗೆ ಬರುವುದು ಕಾಯಿಲೆಗೆ ಬೇಗ ಸಿಕ್ಕಿಕೊಳ್ಳುವ ಒಂದು ಗುಣ ಮಾತ್ರ. ಕಾಯಿಲೆ ಬರುತ್ತದೋ ಇಲ್ಲವೋ ಅನ್ನುವುದು ಆಮೇಲೆ ಬದುಕಿನಲ್ಲಿ ನಿರ್ಧಾರವಾಗುತ್ತದೆ. ಈ ವ್ಯತ್ಯಾಸ ತಿಳಿದರೆ ಎಷ್ಟೋ ಮನೆಗಳಲ್ಲಿ ಜನ ಬೇಗ ಆಸ್ಪತ್ರೆಗೆ ಬರುತ್ತಾರೆ ಎಂದು ನಾನು ನಂಬಿದ್ದೇನೆ.

ಮೊದಲು ಕಾಯಿಲೆ ಹೇಗೆ ಕಾಣುತ್ತದೆ ನೋಡೋಣ. ನಮ್ಮ ಕಡೆ ಯಾರೂ “ನನಗೆ ಖಿನ್ನತೆ” ಎಂದುಕೊಂಡು ಡಾಕ್ಟರ ಹತ್ತಿರ ಬರುವುದಿಲ್ಲ. ಸುಸ್ತು ಅನ್ನುತ್ತಾರೆ. ಮೈಕೈ ನೋವು, ತಲೆಭಾರ, ಗ್ಯಾಸ್ಟ್ರಿಕ್, ಎದೆ ಹಿಡಿದಂಗೆ ಆಗುತ್ತದೆ ಅನ್ನುತ್ತಾರೆ. ಗ್ಲೂಕೋಸ್ ಹಾಕಿಸಿಕೊಂಡು, ಟಾನಿಕ್ ಕುಡಿದು, ಸ್ಕ್ಯಾನ್ ಮಾಡಿಸಿಕೊಂಡು ವರ್ಷ ಕಳೆಯುತ್ತದೆ. ನಮ್ಮ ಅಣ್ಣನಿಗೂ ಎರಡು ಸಲ ಎಂಡೋಸ್ಕೋಪಿ ಆಗಿತ್ತು. ನಿಜವಾಗಿ ಕೇಳಬೇಕಾದ ಪ್ರಶ್ನೆ ಬಹಳ ಸರಳ. ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾಗುತ್ತದಾ? ಯಕ್ಷಗಾನ ಅಂದರೆ ರಾತ್ರಿಯಿಡೀ ಕೂರುತ್ತಿದ್ದವನು ಈಗ ಮನೆ ಹತ್ತಿರವೇ ಆಟ ಇದ್ದರೂ ಹೋಗುವುದಿಲ್ಲ ಎಂದರೆ ಅದು ಸೋಮಾರಿತನ ಇರಲಾರದು.

ವೈದ್ಯರು ಒಂಬತ್ತು ಲಕ್ಷಣ ನೋಡುತ್ತಾರೆ. ದಿನದ ಹೆಚ್ಚು ಹೊತ್ತು ಬೇಜಾರು, ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇವೆರಡರಲ್ಲಿ ಒಂದಾದರೂ ಇರಬೇಕು. ಜೊತೆಗೆ ನಿದ್ದೆ ಕೆಡುವುದು ಅಥವಾ ಜಾಸ್ತಿಯಾಗುವುದು, ಹಸಿವು ಮತ್ತು ತೂಕದಲ್ಲಿ ಬದಲಾವಣೆ, ಸುಸ್ತು, ನಡೆ ನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಗಮನ ನಿಲ್ಲದಿರುವುದು, ನಾನು ಕೆಲಸಕ್ಕೆ ಬಾರದವನು ಅನ್ನುವ ಭಾವನೆ, ಸಾವಿನ ಯೋಚನೆ. ಒಟ್ಟು ಐದು ಅಥವಾ ಅದಕ್ಕಿಂತ ಹೆಚ್ಚು ಲಕ್ಷಣ ಎರಡು ವಾರ ಬಿಡದೆ ಇದ್ದು, ಕೆಲಸ ಸಂಸಾರ ಕೆಡುತ್ತಿದ್ದರೆ ಅದು ಖಿನ್ನತೆ. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ಬಿ12 ಕೊರತೆ ಕೂಡ ಹೀಗೇ ಕಾಣಬಹುದು. ಅದಕ್ಕೇ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸುತ್ತಾರೆ.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ದೊಡ್ಡವರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ ಎಂದು ಅದು ಹೇಳಿತು. ಅದಕ್ಕಿಂತ ನನ್ನನ್ನು ಕಾಡಿದ ಸಂಖ್ಯೆ ಬೇರೆ. ಕುಡಿತದ ಕಾಯಿಲೆ ಇರುವ 100 ಜನರಲ್ಲಿ ಸುಮಾರು 86 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಖಿನ್ನತೆಯಂಥ ಸಾಮಾನ್ಯ ಮನೋರೋಗಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ 86ರಲ್ಲಿ ನಮ್ಮ ದೊಡ್ಡಪ್ಪನಂಥವರು ಎಷ್ಟು ಜನ ಇದ್ದಿರಬಹುದು!

ಚಟದ ವಿಷಯ ಇನ್ನೂ ಸ್ವಲ್ಪ ಕಷ್ಟ. ಯಾಕೆಂದರೆ ಕುಡಿಯುವವರೆಲ್ಲ ಚಟಗಾರರಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆದು ಒದ್ದೆಯಾಗಿ ಬಂದವರು ಸಂಜೆ ಒಂದು ಕ್ವಾರ್ಟರ್ ಹಾಕಿ ಮಲಗುವುದು ನಮ್ಮಲ್ಲಿ ಮಾಮೂಲು. ಗೆರೆ ದಾಟುವುದು ಎಲ್ಲಿ? ಇಷ್ಟೇ ಎಂದು ಶುರು ಮಾಡಿ ನಿಲ್ಲಿಸಲಾಗದಿದ್ದರೆ, ಬಿಡಬೇಕೆಂದು ಎಷ್ಟು ಸಲ ಹೊರಟರೂ ಆಗದಿದ್ದರೆ, ಸಂಜೆಯಾಗುತ್ತಿದ್ದಂತೆ ತಲೆಯಲ್ಲಿ ಬೇರೆ ಯೋಚನೆಯೇ ಇರದಿದ್ದರೆ, ಮೊದಲು ತೊಂಬತ್ತು ಎಂಎಲ್‌ನಲ್ಲಿ ಸಿಗುತ್ತಿದ್ದ ಅಮಲಿಗೆ ಈಗ ಅರ್ಧ ಬಾಟಲಿ ಬೇಕಾಗಿದ್ದರೆ, ಲಿವರ್ ಕೆಟ್ಟಿದೆ ಎಂದು ಗೊತ್ತಿದ್ದೂ ಕುಡಿದರೆ, ಬೆಳಿಗ್ಗೆ ಕೈ ನಡುಗಿ ಅದು ನಿಲ್ಲಲೆಂದೇ ಮತ್ತೆ ಕುಡಿದರೆ ಗೆರೆ ದಾಟಿದೆ ಎಂದೇ ಅರ್ಥ. ಇದೇ ಅಳತೆ ಓಸಿ, ಇಸ್ಪೀಟು, ಮೊಬೈಲ್ ಬೆಟ್ಟಿಂಗಿಗೂ ಹೊಂದುತ್ತದೆ. ಜೂಜನ್ನು 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಕುಡಿತದ ಸಾಲಿನಲ್ಲೇ ಚಟ ಎಂದು ಸೇರಿಸಿದ್ದಾರೆ.

ಇಲ್ಲಿ ಒಂದು ವಿಷಯ ನಿಂತು ಹೇಳಬೇಕು. ದೊಡ್ಡಪ್ಪ ಒಂದು ಸಲ ಹಠ ಹಿಡಿದು ಕುಡಿತ ನಿಲ್ಲಿಸಿದರು. ಮಗನ ಮೇಲೆ ಆಣೆ ಮಾಡಿದ್ದರು. ಮಾರನೇ ದಿನ ಕೈ ನಡುಕ, ಬೆವರು. ಮೂರನೇ ದಿನ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಎಂದು ಕೂಗಾಡಿದರು. ಮನೆಯವರ ಗುರುತೇ ಹತ್ತಲಿಲ್ಲ. ಗಾಳಿ ಸೋಕಿದೆ ಎಂದು ಎಲ್ಲರೂ ತೀರ್ಮಾನಿಸಿದರು. ನಿಮಿತ್ತ ಕೇಳಿದ್ದಾಯಿತು, ಅಂತ್ರ ಕಟ್ಟಿಸಿದ್ದಾಯಿತು. ಆಸ್ಪತ್ರೆಗೆ ಹೋದದ್ದು ಫಿಟ್ಸ್ ಬಂದ ಮೇಲೆ.

ಅದು ಗಾಳಿಯಲ್ಲ. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದರೆ ಮಿದುಳು ಅದನ್ನು ಸರಿದೂಗಿಸಲು ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ಕುಡಿತ ಏಕಾಏಕಿ ನಿಂತಾಗ ಏರಿದ ವೇಗ ಹಾಗೇ ಉಳಿಯುತ್ತದೆ. ನಡುಕ ಕೆಲವು ಗಂಟೆಗಳಲ್ಲೇ ಶುರು. ಫಿಟ್ಸ್ ಸಾಮಾನ್ಯವಾಗಿ ಮೊದಲ ಎರಡು ದಿನದೊಳಗೆ. ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ. ಚಿಕಿತ್ಸೆ ಇಲ್ಲದಿದ್ದರೆ ಜೀವವೇ ಹೋಗಬಹುದು. ಹಾಗಾಗಿ ದಿನಾ ಜಾಸ್ತಿ ಕುಡಿಯುವವರು ಡಾಕ್ಟರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಬಾರದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು ನಮ್ಮ ಭಾಗದಲ್ಲಿ ಎಷ್ಟೋ ಸಂಸಾರಗಳನ್ನು ಉಳಿಸಿವೆ. ಅವುಗಳ ಬಗ್ಗೆ ನನಗೆ ಗೌರವವಿದೆ. ಶಿಬಿರ ಯಾವುದೇ ಇರಲಿ, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರನ್ನು ಮೊದಲು ಡಾಕ್ಟರಿಗೆ ತೋರಿಸಿಯೇ ಸೇರಿಸಬೇಕು.

ಇನ್ನು ವಂಶದ ವಿಷಯ. ಅವಳಿ ಮಕ್ಕಳನ್ನು ಹೋಲಿಸಿ ನಡೆದ ಅಧ್ಯಯನಗಳನ್ನು 2000ನೇ ಇಸವಿಯಲ್ಲಿ ಒಟ್ಟುಗೂಡಿಸಿದಾಗ ಖಿನ್ನತೆಯಲ್ಲಿ ವಂಶದ ಪಾಲು ಸುಮಾರು ಶೇ. 37 ಎಂದು ಸಿಕ್ಕಿತು. ಕುಡಿತದ ಚಟದಲ್ಲಿ ಅದು ಸುಮಾರು ಅರ್ಧ. ಈ ಅಂಕಿಯನ್ನು ಓದಿದ ಕೂಡಲೇ ಜನ “ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ” ಎಂದು ತಿಳಿಯುತ್ತಾರೆ. ಅದರ ಅರ್ಥ ಅದಲ್ಲ.

ನಮ್ಮ ತೋಟದ ಉದಾಹರಣೆಯಲ್ಲೇ ಹೇಳುತ್ತೇನೆ. ಅಡಿಕೆ ಸಸಿ ಮಾಡುವಾಗ ನಾವು ಒಳ್ಳೆಯ ತಾಯಿಮರ ನೋಡಿ ಬೀಜದ ಗೋಟು, ಅಂದರೆ ಹಣ್ಣಾದ ಅಡಿಕೆ, ಆರಿಸುತ್ತೇವೆ. ತಾಯಿಮರದ ಗುಣ ಸಸಿಗೆ ಬರುತ್ತದೆ, ಅನುಮಾನವಿಲ್ಲ. ಆದರೆ ಅದೇ ಮರದ ಗೋಟುಗಳನ್ನು ಎರಡು ಪಾಲು ಮಾಡಿ, ಒಂದನ್ನು ಬಸಿಗಾಲುವೆ ಆಳವಾಗಿ ತೆಗೆದ ತೋಟದಲ್ಲಿ, ಇನ್ನೊಂದನ್ನು ನೀರು ನಿಲ್ಲುವ ಜಾಗದಲ್ಲಿ ಹಾಕಿ ನೋಡಿ. ಹತ್ತು ವರ್ಷದ ನಂತರ ಅವು ಒಂದೇ ತಾಯಿಯ ಮಕ್ಕಳು ಎಂದರೆ ಯಾರೂ ನಂಬುವುದಿಲ್ಲ. ಊರಿನ ಎಲ್ಲ ಮರಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲೆಷ್ಟು, ನೆಲದ ಪಾಲೆಷ್ಟು ಎಂದು ಲೆಕ್ಕ ಹಾಕಬಹುದು. ಶೇ. 37 ಅಂಥ ಲೆಕ್ಕ. ಅದು ಜನಸಮೂಹದ ಮಾತು. ನಿಮ್ಮ ಮಗನಿಗೆ ಬರುತ್ತದಾ ಅನ್ನುವ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಉತ್ತರಕ್ಕೆ ಹತ್ತಿರ ಬರುವ ಒಂದು ಹಳೆಯ ಅಧ್ಯಯನ ಇದೆ. ಡೊನಾಲ್ಡ್ ಗುಡ್‌ವಿನ್ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು 1973ರಲ್ಲಿ ಡೆನ್ಮಾರ್ಕಿನ ಅಧ್ಯಯನವೊಂದನ್ನು ಪ್ರಕಟಿಸಿದರು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಕಾಯಿಲೆ ಇದ್ದು, ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆಯವರ ಮನೆಗೆ ದತ್ತು ಹೋದ 55 ಗಂಡಸರನ್ನು ಅವರು ನೋಡಿದರು. ಹೆತ್ತವರಿಗೆ ಕುಡಿತ ಇಲ್ಲದ 78 ದತ್ತು ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡರು. ಎರಡನೇ ಗುಂಪಿನಲ್ಲಿ 4 ಜನ ಕುಡಿತದ ಕಾಯಿಲೆಗೆ ಬಿದ್ದಿದ್ದರು, ಅಂದರೆ ಶೇ. 5. ಮೊದಲ ಗುಂಪಿನಲ್ಲಿ 10 ಜನ, ಶೇ. 18. ಅಪ್ಪನ ಕುಡಿತವನ್ನು ಕಣ್ಣಲ್ಲೇ ನೋಡದವರಿಗೂ ಅಪಾಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ವಂಶದ ಪಾಲು ಇದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ. 55ರಲ್ಲಿ 45 ಜನಕ್ಕೆ ಆ ಕಾಯಿಲೆ ಬರಲಿಲ್ಲ. “ವಂಶದಲ್ಲೇ ಇದೆ” ಅನ್ನುವವರಿಗೆ ನಾನು ಯಾವಾಗಲೂ ಈ 45 ಜನರ ವಿಷಯ ಹೇಳುತ್ತೇನೆ.

ಖಿನ್ನತೆಗೆ ಇಂಥದ್ದೇ ಒಂದು ಜೀನ್ ಎಂದು ಇಲ್ಲ. ಮೊದಲು ಹಾಗೆ ಹುಡುಕಿದ್ದರು. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಪಟ್ಟ ಒಂದು ಜೀನ್ 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಲಕ್ಷಗಟ್ಟಲೆ ಜನರ ಮಾಹಿತಿ ಇಟ್ಟುಕೊಂಡು ನೋಡಿದಾಗ ಅದು ನಿಲ್ಲಲಿಲ್ಲ. 2019ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿ ಪರಿಶೀಲಿಸಿ, ಖಿನ್ನತೆಗೆ ನಂಟಿರುವ 102 ಜಾಗಗಳನ್ನು ಗುರುತಿಸಿದರು. ಒಂದೊಂದರ ಪರಿಣಾಮವೂ ಎಳ್ಳಷ್ಟು. ಅದಕ್ಕೇ ಜೊಲ್ಲು ಕಳಿಸಿದರೆ ಖಿನ್ನತೆ ಬರುತ್ತದಾ ಹೇಳುತ್ತೇವೆ ಅನ್ನುವ ಪರೀಕ್ಷೆಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಅಜ್ಜಿಯ ಬಾಯಿಂದ ಕೇಳುವ ಮನೆಯ ಕಥೆ ಅದಕ್ಕಿಂತ ಎಷ್ಟೋ ಉಪಯೋಗಕ್ಕೆ ಬರುತ್ತದೆ. ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ ಅಪಾಯ ಎರಡರಿಂದ ಮೂರು ಪಟ್ಟು ಎಂದು ತಿಳಿಯಲು ಜೊಲ್ಲು ಬೇಕಾಗಿಲ್ಲ.

ಮದ್ಯದ ವಿಷಯದಲ್ಲಿ ಒಂದೆರಡು ಜೀನ್‌ಗಳ ಕೆಲಸ ಎದ್ದು ಕಾಣುತ್ತದೆ. ಮದ್ಯವನ್ನು ಲಿವರ್ ಹೇಗೆ ಒಡೆಯುತ್ತದೆ ಅನ್ನುವುದಕ್ಕೆ ಸಂಬಂಧಪಟ್ಟವು ಅವು. ಚೀನಾ, ಜಪಾನ್, ಕೊರಿಯಾದ ಬಹಳ ಜನರಲ್ಲಿ ಇರುವ ಒಂದು ಬಗೆಯ ಜೀನ್‌ನಿಂದ ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಕರಿಕೆ ಬರುತ್ತದೆ. ಅವರಲ್ಲಿ ಚಟ ಹತ್ತುವುದು ಕಡಿಮೆ. ವಂಶ ಕಾಪಾಡುವುದೂ ಉಂಟು.

ಇದರ ಇನ್ನೊಂದು ಮುಖ ನಮ್ಮ ಊರುಗಳಿಗೆ ಬಹಳ ಮುಖ್ಯ. ಹುಡುಗರು ಹೆಮ್ಮೆಯಿಂದ ಹೇಳುವ ಮಾತೊಂದಿದೆ. “ಅವನಿಗೆ ಎಷ್ಟು ಹಾಕಿದರೂ ಏರಲ್ಲ ಮಾರಾಯ.” ಬೇರೆಯವರೆಲ್ಲ ತೂರಾಡುವಾಗ ಒಬ್ಬ ಗಟ್ಟಿಯಾಗಿ ನಿಂತು ಎಲ್ಲರನ್ನೂ ಮನೆಗೆ ಮುಟ್ಟಿಸುತ್ತಾನೆ. ಗುಂಪಿನಲ್ಲಿ ಅವನಿಗೇ ಹೆಸರು. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ಇಂಥ ಹುಡುಗರನ್ನೇ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಇಪ್ಪತ್ತರ ಆಸುಪಾಸಿನ ಯುವಕರಿಗೆ ಅಳತೆ ಮಾಡಿ ಮದ್ಯ ಕೊಟ್ಟು, ಎಷ್ಟು ಅಮಲಾಯಿತು, ಎಷ್ಟು ತೂರಾಡಿದರು ಎಂದು ಬರೆದಿಟ್ಟರು. ಕುಡುಕ ಅಪ್ಪನ ಮಕ್ಕಳಲ್ಲಿ ಅಮಲು ಕಡಿಮೆ ಕಾಣಿಸಿತು. ಮುಂದೆ ಕುಡಿತದ ಕಾಯಿಲೆಗೆ ಬಿದ್ದವರಲ್ಲಿ ಈ ‘ಏರದ’ ಹುಡುಗರೇ ಜಾಸ್ತಿ. ಕಾರಣ ಯೋಚಿಸಿದರೆ ತಿಳಿಯುತ್ತದೆ. ಸಾಕು ಎಂದು ದೇಹ ಹೇಳುವ ಎಚ್ಚರಿಕೆ ಅವರಿಗೆ ತಡವಾಗಿ ಬರುತ್ತದೆ. ಅಷ್ಟು ಹೊತ್ತಿಗೆ ಅವರು ಉಳಿದವರಿಗಿಂತ ಎರಡು ಪೆಗ್ ಮುಂದೆ ಇರುತ್ತಾರೆ. ನಮ್ಮ ದೊಡ್ಡಪ್ಪನೂ ಹೀಗೇ ಇದ್ದರಂತೆ. ಮದುವೆ ಮನೆಗಳಲ್ಲಿ ಅವರ ತಾಕತ್ತಿನ ಬಗ್ಗೆ ಜನ ಮಾತಾಡುತ್ತಿದ್ದರಂತೆ.

ಖಿನ್ನತೆ ಮತ್ತು ಕುಡಿತ ಒಂದೇ ಮನೆಯಲ್ಲಿ, ಎಷ್ಟೋ ಸಲ ಒಂದೇ ಮನುಷ್ಯನಲ್ಲಿ ಯಾಕೆ ಸಿಗುತ್ತವೆ? ಒಂದು, ಎರಡಕ್ಕೂ ಸಂಬಂಧಿಸಿದ ಜೀನ್‌ಗಳಲ್ಲಿ ಸ್ವಲ್ಪ ಪಾಲು ಒಂದೇ. ಎರಡು, ಬೇಜಾರಿಗೆ ಎಂದು ಶುರುವಾದ ಕುಡಿತ ಬೇಜಾರನ್ನೇ ಬೆಳೆಸುತ್ತದೆ. ನಿದ್ದೆ ಕೆಡುತ್ತದೆ, ಸಾಲ ಏರುತ್ತದೆ, ಮನೆಯಲ್ಲಿ ಜಗಳ. ಮೂರು, ಕುಡಿಯುವವರ ಮನೆಯ ಮಕ್ಕಳು ಜೀನಿನ ಜೊತೆ ಹೆದರಿಕೆಯನ್ನೂ ಪಡೆಯುತ್ತಾರೆ. ರಾತ್ರಿ ಬೈಕಿನ ಸದ್ದು ಕೇಳಿದ ಕೂಡಲೇ ಮಲಗಿದಂತೆ ನಟಿಸುವ ಮಗುವಿನ ಮಿದುಳು ಹೇಗೆ ಬೆಳೆಯಬೇಕು ಹೇಳಿ. ಅಪ್ಪನಿಂದ ಮಗನಿಗೆ ಬಂದದ್ದರಲ್ಲಿ ಎಷ್ಟು ರಕ್ತದ್ದು, ಎಷ್ಟು ಆ ರಾತ್ರಿಗಳದ್ದು ಎಂದು ಬಿಡಿಸುವುದು ಕಷ್ಟ. ಆ ಮನೆಯ ಹೆಂಗಸರ ಖಿನ್ನತೆಯಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ದೊಡ್ಡಮ್ಮ ಎಷ್ಟು ವರ್ಷ ಸರಿಯಾಗಿ ನಿದ್ದೆ ಮಾಡಿಲ್ಲ ಎಂದು ನಾವು ಯಾರೂ ಕೇಳಿರಲಿಲ್ಲ.

ಸುತ್ತಲಿನ ಕಾರಣಗಳೂ ಕಡಿಮೆಯಿಲ್ಲ. ಅಡಿಕೆಗೆ ಎಲೆಚುಕ್ಕೆ, ಕೊಳೆರೋಗ ಬಂದು ಫಸಲು ಹೋದ ವರ್ಷ ಮನೆಯ ಗಾಳಿಯೇ ಬದಲಾಗುತ್ತದೆ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ತೋಟದ ಮಧ್ಯದ ಒಂಟಿಮನೆಯಲ್ಲಿ ವಯಸ್ಸಾದ ಇಬ್ಬರು. ಪಕ್ಕದ ಮನೆ ಅರ್ಧ ಮೈಲಿ ಆಚೆ. ಜೋರು ಮಳೆಗೆ ಕರೆಂಟೂ ಇಲ್ಲ, ಫೋನೂ ಇಲ್ಲ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿಯುವವರು ಕಡಿಮೆ ಬೆಲೆಯ ವಿಸ್ಕಿ, ರಮ್ಮಿನ ಕಡೆ ಹೋದರು. ಒಳಗಿನ ಕಾರಣ ಮುಟ್ಟದೆ ಅಂಗಡಿಯನ್ನು ಮಾತ್ರ ಬದಲಿಸಿದರೆ ಹೀಗೇ ಆಗುವುದು.

“ಮನಸ್ಸು ಗಟ್ಟಿ ಮಾಡ್ಕೋ” ಅನ್ನುವ ಮಾತು ಬಿಡೋಣ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಗುರುತಾಯಿತು. ಉಣುಗು ಕಚ್ಚಿ ಜ್ವರ ಬಂದವನಿಗೆ ನಮ್ಮಲ್ಲಿ ಯಾರೂ ಮನಸ್ಸು ಗಟ್ಟಿ ಮಾಡಿಕೋ ಅನ್ನುವುದಿಲ್ಲ. ಖಿನ್ನತೆಯಲ್ಲಿ ಕೆಟ್ಟಿರುವುದು ಮನಸ್ಸು ಗಟ್ಟಿ ಮಾಡಿಕೊಳ್ಳುವ ಶಕ್ತಿಯೇ.

ಚಿಕಿತ್ಸೆ ಇದೆ, ನಮ್ಮ ಹತ್ತಿರದಲ್ಲೇ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸುವ ಸಹಾಯವಾಣಿ 14446. ಈ ವಿಷಯದಲ್ಲಿ ನಮ್ಮ ಜಿಲ್ಲೆ ಹಿಂದುಳಿದದ್ದೂ ಅಲ್ಲ. ಡಾ. ಕೆ. ಎ. ಅಶೋಕ್ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ ಶಿವಮೊಗ್ಗದಲ್ಲಿದ್ದುಕೊಂಡು ಮನೋರೋಗದ ಬಗ್ಗೆ ಕನ್ನಡದಲ್ಲಿ ಬರೆದರು, ಮಾತಾಡಿದರು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆ ಇದ್ದವರನ್ನು ಹುಡುಕಿ ಚಿಕಿತ್ಸೆ ಕೊಡುವ ಕೆಲಸವನ್ನು ನಿಮ್ಹಾನ್ಸ್‌ನವರು 2005ರ ಹೊತ್ತಿಗೇ ಶುರು ಮಾಡಿದ್ದರು.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಎಂದು ಬಿಡುವವರೇ ಜಾಸ್ತಿ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಆ ಮಾತ್ರೆಗೆ ಚಟ ಹತ್ತುವುದಿಲ್ಲ, ಆದರೆ ತಟ್ಟನೆ ನಿಲ್ಲಿಸಬಾರದು. ಚಟ ಹತ್ತುವುದು ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ನಿದ್ದೆ ಮಾತ್ರೆಗೆ. ಕುಡಿತದ ಆಸೆ ತಗ್ಗಿಸುವ ಔಷಧಿಗಳೂ ಇವೆ. ಆದರೆ ಗೊತ್ತಾಗದಂತೆ ಕಾಫಿಗೆ, ಸಾರಿಗೆ ಬೆರೆಸಿ ಕೊಡುವ ಕೆಲಸ ಮಾತ್ರ ಬೇಡ. ಡೈಸಲ್ಫಿರಾಮ್‌ನಂಥ ಔಷಧಿ ಒಳಗಿದ್ದಾಗ ಕುಡಿದರೆ ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಬೆದರಿಕೆ ಎಂದುಕೊಳ್ಳಬೇಡಿ. ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ತೋಟಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇರಲಿ. ಅವರನ್ನು ಒಂಟಿಯಾಗಿ ಬಿಡಬೇಡಿ.

ಅಣ್ಣನಿಗೆ ಮೊದಲ ಮಾತ್ರೆ ಅಷ್ಟಾಗಿ ಹಿಡಿಯಲಿಲ್ಲ. ಎರಡನೇ ಸಲ ಹೋದಾಗ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ದೊಡ್ಡಮ್ಮ ಸ್ವಲ್ಪ ಹೊತ್ತು ಸೆರಗು ಹಿಂಡಿಕೊಂಡು ಕೂತಿದ್ದರು. ಆಮೇಲೆ ಒಬ್ಬೊಬ್ಬರನ್ನೇ ಹೇಳಿದರು. ಮಾವ, ಗಂಡ, ನಾದಿನಿ. ಅತ್ತೆಗೆ ಆಗ ಯಾವ ಮಾತ್ರೆ ಹಿಡಿದಿತ್ತು ಎಂದು ಡಾಕ್ಟರು ಕೇಳಿದರು. ಹಳೆಯ ಚೀಟಿ ಮನೆಯ ಟ್ರಂಕಿನಲ್ಲಿ ಸಿಕ್ಕಿತು. ಅಣ್ಣ ರಾತ್ರಿ ಕುಡಿಯುತ್ತಿದ್ದದ್ದೂ ಅವತ್ತೇ ಹೊರಗೆ ಬಂತು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಶುರು ಮಾಡಿದರು.

ಈಗ ಅಣ್ಣ ತೋಟಕ್ಕೆ ಹೋಗುತ್ತಾನೆ. ಎಲ್ಲ ದಿನವೂ ಅಲ್ಲ. ಮಗ ಈ ವರ್ಷ ಸಾಗರದಲ್ಲಿ ಕಾಲೇಜಿಗೆ ಸೇರಿದ್ದಾನೆ. ಹೊರಡುವ ಹಿಂದಿನ ದಿನ ಅಣ್ಣ ಅವನನ್ನು ಅಂಗಳದಲ್ಲಿ ಕೂರಿಸಿಕೊಂಡು ಅಜ್ಜನ ಕಥೆ, ತನ್ನ ಕಥೆ ಎರಡನ್ನೂ ಹೇಳಿದ. ದೊಡ್ಡಮ್ಮ ಒಳಗೆ ಹೋಗಲಿಲ್ಲ. ಅಲ್ಲೇ ಕೂತು ಅಡಿಕೆ ಸುಲಿಯುತ್ತಾ, ಅವನು ಮರೆತಿದ್ದನ್ನು ನೆನಪು ಮಾಡಿಕೊಡುತ್ತಿದ್ದರು.